ನಂಜಪ್ಪಮಾವನ ಮೋಟಾರು ದೋಣಿ

ನಂಜಪ್ಪಮಾವ ತಮ್ಮ ದೋಣಿಯ ಮೋಟಾರಿನ ಜೊತೆ ಮೂರು ಭಾಷೆಯಲ್ಲಿ ಮಾತಾಡುತ್ತಿದ್ದರು. ಓಲೈಸಲು ಕನ್ನಡ, ಬೈಯಲು ತೆಲುಗು, ಹುಕುಂ ಕೊಡಲು ಮಿಲಿಟರಿಯಲ್ಲಿ ಲಾರಿ ಓಡಿಸುವಾಗ ಕಲಿತ ತಮಿಳು. ಮೂರಕ್ಕೂ ಅದು ಬಗ್ಗದಿದ್ದರೆ, ಹಟ ಹಿಡಿದ ಮಗುವಿಗೆ ಬೆನ್ನು ಹಾಕಿ ಕೂರುವಂತೆ ದಡದಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದರು.

ನಿನ್ನೆ ನನ್ನ ಮಗಳ ಮಗಳಿಗೆ ಮದುವೆ ಗೊತ್ತಾಯಿತು. ಆಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಅವಳನ್ನು ಹಸೆಗೆ ಎತ್ತಿಕೊಂಡು ಬರಬೇಕಾದ ಸೋದರಮಾವ, ಅಂದರೆ ನನ್ನ ಮಗ, ಈಗಲೇ ಸೊಂಟನೋವು ಎನ್ನುತ್ತಿದ್ದಾನೆ. ನನ್ನ ಸೋದರಮಾವ ನಂಜಪ್ಪನವರು ನನ್ನನ್ನು ತುಂಬಿದ ಹೊಳೆ ದಾಟಿಸಿ ಎತ್ತಿಕೊಂಡು ಬಂದರು ಕಣೋ ಎಂದೆ. ಹೇಳಿದ್ದು ಸಾಲದೆ ಬರೆಯಲೂ ಕೂತೆ. ನಾನು ಓದಿದ್ದು ಎರಡನೇ ಕ್ಲಾಸು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡದ ಸಾಮಾನನ್ನೆಲ್ಲ ಬೆಂಗಳೂರಿನಲ್ಲಿ ಹರಾಜು ಹಾಕಿದರು. ಬೇರೆಯವರು ಕಂಬಳಿ, ಬೂಟು ತಂದರೆ, ಮಾವ ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರು ತಂದರು. ಅದೂ ಗಾಡಿಯಲ್ಲಿ ಹುಲ್ಲು ಹಾಸಿ, ಬಾಣಂತಿಯನ್ನು ಕರೆತರುವ ಹಾಗೆ. ಅವರ ಅವ್ವ, ನಮ್ಮಜ್ಜಿ, ಅದನ್ನು ಸುತ್ತಿ ನೋಡಿ, "ಬ್ಯಾಸ್ಗೇಲಿ ಹೊಳೇಲಿ ಮೊಣಕಾಲುದ್ದ ನೀರು. ಇದ್ನ ರಾಗಿ ಹೊಲದಾಗೆ ಓಡಿಸ್ತೀಯೇನ್ಲಾ?" ಎಂದರಂತೆ.

ಮಾವ ದೋಣಿಯ ಮುಂದೆ ಕೂತು ದಾರಿ ನೋಡುತ್ತಾ ಓಡಿಸಲೆಂದು ಎರಡು ಹಿಡಿಗಳನ್ನು ಕೂರಿಸಿದರು. ಒಂದು ವೇಗ ಏರಿಸಿ ಇಳಿಸಲು, ಇನ್ನೊಂದು ಗೇರಿಗೆ. ಎರಡರಿಂದಲೂ ಕೊಳವೆಯೊಳಗೆ ತಂತಿ ಹಿಂದಿನ ಮೋಟಾರಿಗೆ ಹೋಗುತ್ತಿತ್ತು. ಹಿಡಿ ಎಳೆದಾಗ ಮೋಟಾರು ಕೇಳದಿದ್ದರೆ ಮೊದಲು ತಂತಿ ಬಿಚ್ಚುತ್ತಿದ್ದರು. "ಇದು ಗಂಡ ಹೆಂಡ್ತಿ ಜಗಳ. ಇಬ್ರುನ್ನೂ ಬ್ಯಾರೆ ಬ್ಯಾರೆ ಕೂರ್ಸಿ ಕೇಳ್ಬೇಕು. ಒಟ್ಗೆ ಕೇಳುದ್ರೆ ಇಬ್ರೂ ಸುಳ್ಳು ಹೇಳ್ತಾರೆ" ಎನ್ನುತ್ತಿದ್ದರು. ಬಿಚ್ಚಿದ ಮೇಲೆ ಮೋಟಾರಿನ ಕೀಲನ್ನು ಬೆರಳಲ್ಲಿ ಆಡಿಸುವುದು. ಅದು ಸಲೀಸಾಗಿ ಆಡಿದರೆ ತಪ್ಪು ತಂತಿಯದು, ಆಡದಿದ್ದರೆ ಮೋಟಾರಿನದು.

ನನ್ನನ್ನು ಕೇಳಿಕೊಂಡು ಬಂದದ್ದು ಹೊಳೆಯಾಚೆಯ ಅವಲಪಲ್ಲಿಯವರು. ಹುಡುಗನನ್ನು ನಾನು ನೋಡಿದ್ದು ಒಂದೇ ಸಲ, ಅವರು ಕೈಗೆಲ್ಲ ಎಣ್ಣೆ ಸವರಿಕೊಂಡು ಹಲಸಿನ ಹಣ್ಣು ಬಿಡಿಸುತ್ತಾ ಕೂತಿದ್ದಾಗ. ನನಗೆ ಅವರೇ ಆಗಬೇಕಿತ್ತು. ಆದರೆ ಅವರ ತಾತನಿಗೆ ಹೊಳೆಯಾಚೆಯ ಹೆಣ್ಣು ಬೇಡ. ಧಾರೆ ಗಂಡಿನ ಮನೆಯಲ್ಲಿ ಆಗಬೇಕು, ಕಾರ್ತಿಕದಲ್ಲಿ ಹೊಳೆ ಬಂದರೆ ಹೆಣ್ಣು ಬರುವುದು ಹೇಗೆ? ಮುಹೂರ್ತ ಮೀರಿದರೆ ಈ ಸಂಬಂಧ ಬೇಡ ಎಂದುಬಿಟ್ಟರು. ಹೆಣ್ಣನ್ನು ತರುವುದು ನನ್ನ ಜವಾಬ್ದಾರಿ ಎಂದು ಮಾವ ಮಾತು ಕೊಟ್ಟರು.

ಹೊಳೆ ಬಂದೇ ಬಂತು. ಮದುವೆಯ ಹಿಂದಿನ ದಿನ ಮಾವ ದೋಣಿ ತೊಳೆದು, ಮೋಟಾರಿಗೆ ಕುಂಕುಮ ಇಟ್ಟರು. ಅಷ್ಟಕ್ಕೇ ಬಿಡಬಾರದೇ? ಸೋದರಸೊಸೆಯ ಮದುವೆ, ಎಲ್ಲ ನುಣ್ಣಗೆ ಓಡಲಿ ಎಂದು ಆ ತಂತಿಯ ಕೊಳವೆಗಳಿಗೆ ಕೀಲೆಣ್ಣೆ ಬಿಟ್ಟರು. ಗಾಡಿಯ ಅಚ್ಚಿಗೆ ಹಾಕುತ್ತೇವಲ್ಲ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ, ಅದೇ.

ಬೆಳಿಗ್ಗೆ ದೋಣಿ ತುಂಬ ನಮ್ಮವರು. ಹಿಡಿಗಳು ಬಿಗಿಯಾಗಿದ್ದವು. ಮಾವ ಜೋರು ಮಾಡಿ ತಳ್ಳಿದರು, ದೋಣಿ ಹಾರಿದಂತೆ ಹೊರಟಿತು. ನಡುಹೊಳೆಯಲ್ಲಿ ವೇಗ ಇಳಿಸಲು ಹೋದರೆ ಹಿಡಿ ಹಿಂದಕ್ಕೆ ಬರಲಿಲ್ಲ. ವೇಗ ಇಳಿಯದೆ ಗೇರು ಎಳೆದರೆ ಹಲ್ಲು ಮುರಿಯುತ್ತದೆ. ಮುಂದೆ ಬಟ್ಟೆ ಒಗೆಯುವ ಬಂಡೆಗಳು. ಮಾವ ಜನರ ಹೆಗಲು ತುಳಿದುಕೊಂಡು ಹಿಂದಕ್ಕೆ ಓಡಿ ಪೆಟ್ರೋಲಿನ ತಿರುಪು ಮುಚ್ಚಿದರು. ಮೋಟಾರು ಕೆಮ್ಮಿ ನಿಂತಿತು. ಸೆಳವಿಗೆ ಹೋಗುತ್ತಿದ್ದ ದೋಣಿಯನ್ನು ಗಂಡಸರು ನೀರಲ್ಲಿ ನಿಂತಿದ್ದ ಹೊಂಗೆಮರದ ಕೊಂಬೆಗೆ ಹಗ್ಗ ಎಸೆದು ಕಟ್ಟಿದರು.

ಆಚೆ ದಡದ ವಾಲಗ ಕೇಳುತ್ತಿತ್ತು. ನಮ್ಮವ್ವ ಅಳಲು ಶುರು ಮಾಡಿದಳು. ನಾನು ಅಳಲಿಲ್ಲ, ಮಾವನ ಬೆರಳನ್ನೇ ನೋಡುತ್ತಿದ್ದೆ. ತಂತಿ ಬಿಚ್ಚಿ ಮೋಟಾರಿನ ಕೀಲು ಆಡಿಸಿದರು, ಬೆಣ್ಣೆಯಂತೆ ಆಡಿತು. ತಂತಿ ಎಳೆದರು, ಅಲ್ಲಾಡಲಿಲ್ಲ. ಕೊಳವೆಯ ತುದಿಯಲ್ಲಿ ರಾತ್ರಿಯ ಚಳಿಗೆ ಅಂಟಾದ ಕಪ್ಪು ಎಣ್ಣೆ.

"ನಾನೇ ಕಣಮ್ಮಣ್ಣಿ ಕೆಡಿಸ್ದೋನು. ಅಚ್ಚಿಗೆ ಹಾಕೋದ್ನ ನರಕ್ಕೆ ಹಾಕ್ಬುಟ್ಟೆ" ಎಂದರು. ಅವರ ಮುಖ ನೋಡಲಾಗಲಿಲ್ಲ.

ತೊಳೆಯಲು ಸೀಮೆಎಣ್ಣೆ ಇಲ್ಲ, ಹೊತ್ತೂ ಇಲ್ಲ. ತಂತಿಗಳನ್ನು ಹಾಗೇ ಬಿಟ್ಟು ಮೋಟಾರಿನ ಪಕ್ಕದಲ್ಲೇ ಕೂತು ಎರಡು ಕೀಲುಗಳನ್ನೂ ಬರಿಗೈಯಲ್ಲಿ ಹಿಡಿದರು. ಆದರೆ ಅಲ್ಲಿಂದ ಅವರಿಗೆ ಕಾಣುವುದು ನಮ್ಮವರ ಪೇಟಗಳು ಮಾತ್ರ. ಮುಂದಿನ ತುದಿಯಲ್ಲಿ ಕೂತಿದ್ದವಳು ನಾನು, ಬಾಸಿಂಗ ಕಟ್ಟಿಕೊಂಡು, ತಲೆ ಬಗ್ಗಿಸಿ.

"ಎದ್ದು ನಿಂತ್ಕೊಂಡು ದಾರಿ ಹೇಳಮ್ಮಣ್ಣಿ. ನಾಚ್ಕೆ ನಾಳೆ ಪಡುವಂತೆ."

ಎದ್ದು ನಿಂತೆ. ಗಂಡಸರು ಹಗ್ಗ ಬಿಚ್ಚಿದರು, ಮಾವ ಪೆಟ್ರೋಲು ಬಿಟ್ಟು ಮೋಟಾರು ಎಳೆದು ಶುರು ಮಾಡಿದರು. ಬಂಡೆ ಹತ್ತಿರ ಬಂದಾಗ ನನ್ನ ದನಿ ತಾನೇ ಹೊರಟಿತು. ಎಡಕ್ಕೆ ಮಾವ, ಇನ್ನೂ ಎಡಕ್ಕೆ, ನಿಧಾನ, ಈಗ ಬುಡು ಎಂದು ಕೂಗಿದ್ದೇ ಕೂಗಿದ್ದು. ದಡದಲ್ಲಿ ವಾಲಗ ನಿಂತುಹೋಯಿತು. ಗಂಡಿನ ಕಡೆಯ ಅಷ್ಟೂ ಜನ, ದನ ಅಟ್ಟುವವಳಂತೆ ಕೂಗುತ್ತಾ ಬರುವ ಮದುವಣಗಿತ್ತಿಯನ್ನು ನೋಡುತ್ತಾ ನಿಂತರು.

ದೋಣಿ ದಡ ಮುಟ್ಟಿದಾಗ ಯಾರೋ, ಈ ಹೆಣ್ಣು ಮನೇಲಿ ಎಲ್ಲರ ಮೇಲೂ ಹೀಗೇ ಕೂಗುತ್ತಾಳೆ ಎಂದು ಗೊಣಗಿದರು. ತಾತ ಕೋಲೂರಿ ಮುಂದೆ ಬಂದರು.

"ಕೂಗ್ಲಿ ಬುಡ್ರಲಾ. ಹೊತ್ಗೆ ಸರ್ಯಾಗಿ ಬಂದ್ಳಲ್ಲ."

ಮಾವ ನನ್ನನ್ನು ಮಸಿ ಕೈಯಲ್ಲೇ ಎತ್ತಿಕೊಂಡು ಕೆಸರಿನಲ್ಲಿ ಹಸೆಯವರೆಗೂ ಓಡಿದರು. ಧಾರೆ ಆಯಿತು. ನಮ್ಮ ಯಜಮಾನರು ಬಾಳಿನುದ್ದಕ್ಕೂ, ದಾರಿ ತಿಳಿಯದ ಕಡೆಯಲ್ಲೆಲ್ಲ ನನ್ನನ್ನು ಮುಂದೆ ಬಿಟ್ಟು ನಗುತ್ತಿದ್ದರು.

ಮಾವ ಆಮೇಲೆ ಆ ತಂತಿಗಳನ್ನು ಕಟ್ಟಲೇ ಇಲ್ಲ. ಹಿಂದೆಯೇ ಕೂತು ಓಡಿಸಿದರು. ನನ್ನ ಮೊದಲ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಬಂದು, ಹೋಳಿಗೆ ಉಂಡು, ಸಂಜೆಯ ಬಿಸಿಲಿನಲ್ಲಿ ಹೊರಟರು. ನಾನು ಕೂಸನ್ನು ಎತ್ತಿಕೊಂಡು ಹೊಳೆಯವರೆಗೂ ಹೋದೆ. ದೋಣಿ ಖಾಲಿ. ಎದುರಿಗೆ ಎಲ್ಲವೂ ಕಾಣುತ್ತಿತ್ತು. ಆದರೂ ಮೋಟಾರು ಎಳೆದು, ನನ್ನ ಕಡೆ ತಿರುಗಿ, "ದಾರಿ ಹೇಳಮ್ಮಣ್ಣಿ" ಎಂದರು.

ಹೇಳಿದೆ. ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ ಹೋದರು. ನಡುಹೊಳೆ ದಾಟಿದ ಮೇಲೆ ನನ್ನ ದನಿ ಅವರಿಗೆ ಮುಟ್ಟಿರಲಾರದು. ಆದರೂ ಕೇಳಿಸಿತೆಂಬಂತೆ ಕೈ ಎತ್ತಿ ತೋರಿಸುತ್ತಲೇ ಇದ್ದರು. ಆ ಬೇಸಿಗೆಯಲ್ಲಿ ಮಾವ ಜ್ವರ ಬಂದು ಹೋಗಿಬಿಟ್ಟರೆಂಬ ಸುದ್ದಿ ತಂದವನು ಆ ಹೊಳೆಯನ್ನು ನಡೆದೇ ದಾಟಿ ಬಂದಿದ್ದ.