ಅರ್ಧ ಬೆಲೆಯ ಗೊಬ್ಬರ

ಯುದ್ಧದ ಕಾಲದಲ್ಲಿ, ಹೆಚ್ಚು ಭತ್ತ ಬೆಳೆಯಲೆಂದು ಸರ್ಕಾರ ರೈತರಿಗೆ ಗೊಬ್ಬರವನ್ನು ಅರ್ಧ ಬೆಲೆಗೆ ಕೊಡುತ್ತಿತ್ತು. ಅಪ್ಪ ಭದ್ರಾವತಿಯ ಓಲ್ಡ್ ಟೌನಿನಿಂದ ಒಂದು ಮೂಟೆಯನ್ನು ಗಾಡಿಯಲ್ಲಿ ಹೇರಿಕೊಂಡು ಬಂದ. ಕಡಲೆಕಾಯಿ ಹಿಂಡಿಯ ಪುಡಿಗೆ ಉಪ್ಪಿನಂಥ ಬಿಳಿ ರಾಸಾಯನಿಕ ಬೆರೆಸಿದ್ದರು. ಅದು ದನಕ್ಕೆ ವಿಷವೆಂದು ನಮಗೆ ಒಬ್ಬನೂ ಹೇಳಲಿಲ್ಲ.

ಅಮ್ಮ ಮೂಟೆ ಬಿಚ್ಚಿ ಮೂಸಿ, ಅಪ್ಪನ ಮೇಲೆ ರೇಗಿದಳು. "ಹಿಂಡೀನ ಯಾರಾದ್ರೂ ಮಣ್ಣಿಗೆ ಹಾಕ್ತಾರಾ ಮಾರಾಯ್ರೇ? ಉಪ್ಪೂ ಬೆರ್ಸಿದಾರೆ. ಕರು ಹಾಕಿರೋ ಹಸು ಮನೇಲಿದೆ, ಮೊದ್ಲು ಅದ್ರ ಹೊಟ್ಟೆಗೆ ಹೋಗ್ಲಿ."

ಈದ ಹಸುವಿಗೆ ಹಿಂಡಿ ಕಲಸಿ ಕೊಡುವುದು ನಮ್ಮ ಕಡೆಯ ಬಾಣಂತನ. ಅಮ್ಮ ಮೈದಡವುತ್ತಾ ಕಲಸಿದ್ದನ್ನೆಲ್ಲ ತಿನ್ನಿಸಿದಳು. ಸಂಜೆಯ ಹೊತ್ತಿಗೆ ಹಸು ಹೊಟ್ಟೆಯುಬ್ಬಿ, ನಡುಗುತ್ತಾ ಬಿದ್ದು, ಕರುವಿನ ಎದುರೇ ಸತ್ತುಹೋಯಿತು. ಅರಿಶಿನ ಕುಂಕುಮ ಹಚ್ಚಿ ಗದ್ದೆಯ ಮೂಲೆಯಲ್ಲಿ ಹೂತೆವು. ಉಳಿದ ಗೊಬ್ಬರವನ್ನು ಅಪ್ಪ ದೂರದಲ್ಲಿ ಗುಂಡಿ ತೋಡಿ ಮುಚ್ಚಿದ.

ಪೈರು ತೆನೆಗೆ ಬಂದಾಗ, ಗೊಬ್ಬರ ಪಡೆದವರ ಗದ್ದೆ ನೋಡಲು ಶಿವಮೊಗ್ಗದಿಂದ ಒಬ್ಬ ಸಾಹೇಬರು ಬಂದರು. ಎದೆಯುದ್ದ ಬೆಳೆದು ಕಪ್ಪು ಹಸಿರಾಗಿದ್ದ ಆ ಒಂದು ಮೂಲೆಯನ್ನು ಕೋಲಿನಿಂದ ತೋರಿಸಿದರು. "ನೋಡ್ರೀ, ಅಲ್ಲಿ ಹಾಕಿದ್ದೀರಿ ನಮ್ಮ ಗೊಬ್ಬರ! ಉಳಿದ ಕಡೆ ಯಾಕ್ರೀ ಜಿಪುಣತನ?"

ಸಾಹೇಬರ ಆ ನಗುಮುಖ ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅಪ್ಪ ತಲೆತಗ್ಗಿಸಿ "ಹೌದು ಸ್ವಾಮಿ" ಎಂದ. ಅಮ್ಮನ ಕೈಯಲ್ಲಿದ್ದ ಹಗ್ಗವನ್ನು ಜಗ್ಗುತ್ತಾ, ಕರು ಆ ಹಸಿರಿನ ಕಡೆಗೇ ಎಳೆಯುತ್ತಿತ್ತು.