ಬೀಡಿ ಜಗಲಿಯ ಓದುಗಿತ್ತಿ

ಸೋಮವಾರ ಬೆಳಿಗ್ಗೆ ಮೂಡುಬಿದಿರೆಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಮೊಬೈಲ್ ತೆರೆದರೆ, ನಾನು ಬರೆದ ಪುಟದ ತಲೆಯ ಮೇಲೆ ಒಂದು ಕೆಂಪು ಪಟ್ಟಿ ಬಂದು ಕೂತಿತ್ತು. ಈ ಲೇಖನವನ್ನು ಅಳಿಸಲು ಸೂಚಿಸಲಾಗಿದೆ, ವಿಷಯ ಗಮನಾರ್ಹವೆಂದು ತೋರಿಸುವ ಮುದ್ರಿತ ಆಧಾರವನ್ನು ಏಳು ದಿನಗಳೊಳಗೆ ಒದಗಿಸಿ ಎಂದು ಅದರಲ್ಲಿತ್ತು. ಇಪ್ಪತ್ತೈದು ವರ್ಷ ಮಕ್ಕಳ ಉತ್ತರ ಪತ್ರಿಕೆಗಳ ಮೇಲೆ ಕೆಂಪು ಗೆರೆ ಎಳೆದವಳು ನಾನು. ನನ್ನ ಬರಹದ ಮೇಲೆ ಇನ್ನೊಬ್ಬರು ಎಳೆದದ್ದು ಅದೇ ಮೊದಲು.

ಯಾರು ಬೇಕಾದರೂ ಬರೆಯಬಹುದಾದ ಅಂತರ್ಜಾಲದ ವಿಶ್ವಕೋಶ ಅದು. ಅಲ್ಲಿ ನಾನು ಬರೆದದ್ದು, ಬಂಟ್ವಾಳದ ಕಡೆ ಹೆಂಗಸರು ಜಗಲಿಯಲ್ಲಿ ಕೂತು ಬೀಡಿ ಕಟ್ಟುವಾಗ ಅವರಿಗೆ ಓದಿ ಹೇಳುತ್ತಿದ್ದವರ ಬಗ್ಗೆ. ಅಂಥವರು ಎಷ್ಟು ಮಂದಿ ಇದ್ದರೋ ನನಗೆ ಗೊತ್ತಿಲ್ಲ. ಒಬ್ಬಳು ಮಾತ್ರ ಚೆನ್ನಾಗಿ ಗೊತ್ತು, ನನ್ನ ಅಮ್ಮ.

ಅಪ್ಪ ಮುಂಬಯಿಯ ಹೋಟೆಲಿಗೆ ಹೋದವರು ಕಾಗದ ಬರೆಯುವುದನ್ನೂ ನಿಲ್ಲಿಸಿದ ಮೇಲೆ, ನರಿಕೊಂಬಿನಲ್ಲಿ ನಮ್ಮಿಬ್ಬರಿಗೂ ಬೀಡಿಯೇ ಗತಿಯಾಯಿತು. ಆದರೆ ಅಮ್ಮನ ಕೈಗೆ ಆ ಕೆಲಸ ಹತ್ತಲೇ ಇಲ್ಲ. ಒಂದು ಬೀಡಿ ಬಸುರಿಯ ಹಾಗೆ, ಇನ್ನೊಂದು ಬಾಣಂತಿಯ ಹಾಗೆ. ಕಟ್ಟಿದ್ದನ್ನು ಒಪ್ಪಿಸುವ ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಬೀಡಿ ಪರೀಕ್ಷಿಸುವ ಚೆಕ್ಕರ್ ಅವಳ ಕಟ್ಟುಗಳನ್ನು ಮುರಿದು ಮೂಲೆಗೆ ಎಸೆಯುತ್ತಿದ್ದರು. ಆದರೆ ಅವಳು ಏಳನೆಯ ಕ್ಲಾಸಿನವರೆಗೆ ಓದಿದ್ದಳು, ಗಂಟಲೂ ಚೆನ್ನಾಗಿತ್ತು. ಪಕ್ಕದ ಮನೆಯ ಜಗಲಿಯಲ್ಲಿ ಕೂರುತ್ತಿದ್ದ ಎಂಟು ಮಂದಿ ಹೆಂಗಸರು ಒಂದು ದಿನ ತೀರ್ಮಾನ ಮಾಡಿಬಿಟ್ಟರು. ನೀನು ಓದು, ನಿನ್ನ ಪಾಲಿನದ್ದನ್ನು ನಾವು ಕಟ್ಟುತ್ತೇವೆ, ತಲೆಗೆ ಎರಡು ಕಟ್ಟು.

ಅವಳು ಓದುತ್ತಿದ್ದದ್ದು ವಾರಪತ್ರಿಕೆಗಳ ಧಾರಾವಾಹಿ, ಹಳೆಯ ಪತ್ರಿಕೆಯ ಸುದ್ದಿ, ಕೊನೆಗೆ ಸಾಮಾನು ಕಟ್ಟಿ ತಂದ ಕಾಗದವನ್ನೂ ಬಿಡುತ್ತಿರಲಿಲ್ಲ. ಅಚ್ಚಾದದ್ದು ಕನ್ನಡ. ಅವಳ ಬಾಯಿಂದ ಬರುತ್ತಿದ್ದದ್ದು ತುಳು. ನಡುವೆ ಒಂದು ಕ್ಷಣವೂ ತಡವರಿಸದೆ ಓದುತ್ತಾ ಹೋಗುತ್ತಿದ್ದಳು. ಕಥೆಯಲ್ಲಿ ಲೇಖಕನದ್ದೆಷ್ಟು, ಅಮ್ಮನದ್ದೆಷ್ಟು ಎಂದು ಆ ಎಂಟು ಮಂದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗ್ಗುಲಲ್ಲಿ ಹೋಂವರ್ಕ್ ಬರೆಯುತ್ತಿದ್ದ ನನಗೆ ಗೊತ್ತಿತ್ತು. ಸಾಯಬೇಕಾದ ಎಷ್ಟೋ ಸೊಸೆಯಂದಿರನ್ನು ಅವಳು ಬದುಕಿಸಿದ್ದಾಳೆ.

ಇದರಲ್ಲಿ ಒಂದು ಅಪಾಯವಿತ್ತು. ಬೀಡಿಯ ಮೂತಿ ಮಡಚಿದ್ದನ್ನು ನೋಡಿಯೇ ಇದು ಯಾರ ಕೈ ಎಂದು ಚೆಕ್ಕರ್ ಹೇಳಬಲ್ಲವರಾಗಿದ್ದರು. ಒಬ್ಬಳ ಲೆಕ್ಕದಲ್ಲಿ ಎಂಟು ಕೈಗಳ ಬೀಡಿ ಸಿಕ್ಕಿದರೆ ಅಮ್ಮನ ಬೀಡಿ ಕಾರ್ಮಿಕರ ಕಾರ್ಡು ಹೋದಂತೆ. ಅದಕ್ಕೆ ಎಂಟೂ ಮಂದಿ ಸೇರಿ ಅಮ್ಮನಿಗೆಂದೇ ಒಂದು ಕೈಯನ್ನು ಕಲಿತರು. ತಮ್ಮದನ್ನು ತಮ್ಮ ರೀತಿಯಲ್ಲಿ ಕಟ್ಟಿ, ಅಮ್ಮನ ಪಾಲು ಬಂದಾಗ ಮೂತಿಯನ್ನು ಎಡಕ್ಕೆ ಸ್ವಲ್ಪ ಸಡಿಲವಾಗಿ ಮಡಚುತ್ತಿದ್ದರು. ಇರದ ಒಬ್ಬ ಬೀಡಿ ಕಟ್ಟುವವಳ ಕೈಯನ್ನು ವರ್ಷಗಟ್ಟಲೆ ಎಂಟು ಮಂದಿ ಕಾಪಾಡಿದರು. ಈ ಸಂಗತಿಯನ್ನು ನಾನು ಪುಟದಲ್ಲಿ ಬಹಳ ಹೆಮ್ಮೆಯಿಂದ ಬರೆದಿದ್ದೆ.

ಪುಟ ಬಂದ ದಿನ ಅಮ್ಮ ಅದನ್ನು ಮೊಬೈಲಿನಲ್ಲಿ ಮೂರು ಸಲ ಓದಿಸಿಕೊಂಡಳು. ಅವಳ ಕಣ್ಣು ಈಗ ಮಂಜು. ಆಮೇಲೆ ಹಾಲಿನ ಡೈರಿಯವರಿಗೂ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತವರಿಗೂ, ಕರೆಂಟ್ ಬಿಲ್ಲಿನವನಿಗೂ ಹೇಳಿದಳು. ಜೀವಮಾನವಿಡೀ ಅವಳನ್ನು ಯಾರೂ ಏನೆಂದೂ ಕರೆದಿರಲಿಲ್ಲ, ಪುಟ ಅವಳನ್ನು ಓದುಗಿತ್ತಿ ಎಂದಿತ್ತು. ಈಗ ಕೆಂಪು ಪಟ್ಟಿಯ ವಿಷಯವನ್ನು ಅವಳಿಗೆ ಹೇಳುವುದು ಹೇಗೆ? ಹೇಳಲಿಲ್ಲ.

ಮುದ್ರಿತ ಆಧಾರ ಹುಡುಕಲು ಹೊರಟೆ. ದೇವಸ್ಥಾನಗಳ ಸ್ಮರಣ ಸಂಚಿಕೆ, ಸೊಸೈಟಿಯ ಬೆಳ್ಳಿಹಬ್ಬದ ಪುಸ್ತಕ, ಹಳೆಯ ಪೇಪರಿನ ರಾಶಿ, ಯಾವುದರಲ್ಲೂ ಒಂದು ಸಾಲು ಇಲ್ಲ. ಊರಿನಲ್ಲಿ ಬಾವಿ ತೋಡಿಸಿದವರ ಫೋಟೊ ಉಂಟು, ಬಾವಿ ಉದ್ಘಾಟಿಸಿದವರ ಫೋಟೊ ಇನ್ನೂ ದೊಡ್ಡದಾಗಿ ಉಂಟು. ಆ ಎಂಟು ಮಂದಿಯಲ್ಲಿ ಉಳಿದವರು ಇಬ್ಬರೇ. ಗುರುವಾಯನಕೆರೆಯಲ್ಲಿ ಮಗನ ಮನೆಯಲ್ಲಿದ್ದವರಿಗೆ ನೆನಪು ಪೂರ್ತಿ ಹೋಗಿತ್ತು, ನನ್ನನ್ನು ಬ್ಯಾಂಕಿನವಳೆಂದುಕೊಂಡರು. ಇನ್ನೊಬ್ಬರು ಈಗ ವಾಮದಪದವಿನಲ್ಲಿರುವ ದೊಡ್ಡಮ್ಮ. ಸಂಬಂಧವೇನಲ್ಲ, ಆ ಜಗಲಿ ಅವರದ್ದು, ಅದಕ್ಕೆ ದೊಡ್ಡಮ್ಮ. ಗುರುವಾರ ಅರ್ಧ ದಿನ ರಜೆ ಹಾಕಿ ಅಲ್ಲಿಗೆ ಹೋದೆ.

"ದೊಡ್ಡಮ್ಮ, ನೀವು ಹೇಳಿ, ನಾನು ಪೇಪರಿನವರಿಗೆ ಕಳಿಸ್ತೇನೆ. ನಿಮ್ಮ ಫೋಟೊ ಸಹಾ ಬರ್ತದೆ," ಎಂದೆ.

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು. "ಎಂತ ಹೇಳುವುದು?"

"ಅಮ್ಮ ಓದ್ತಾ ಇದ್ದದ್ದು. ನೀವೆಲ್ಲ ಅವಳಿಗೆ ಕಟ್ಟಿ ಕೊಟ್ಟದ್ದು."

"ನಿನ್ನ ಅಮ್ಮ ಬೀಡಿ ಕಟ್ಟಿದ್ದಾಳೆ," ಎಂದರು ದೊಡ್ಡಮ್ಮ, ನನ್ನನ್ನು ನೋಡದೆ. "ಚೆಕ್ಕರಿಗೆ ಸಂಶಯ ಬಂದು ಇನ್ಸ್‌ಪೆಕ್ಟರನ್ನು ಕರ್ಕೊಂಡು ಬಂದಾಗ ಹಾಗೆಯೇ ಹೇಳಿದ್ದೇವೆ. ಎಂಟು ಮಂದಿಯೂ ದೇವರ ಮೇಲೆ ಆಣೆ ಹಾಕಿದ್ದೇವೆ. ಈಗ ಬೇರೆ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಆ ಚೆಕ್ಕರ್ ಸತ್ತು ಎಷ್ಟು ವರ್ಷ ಆಯ್ತು, ದೊಡ್ಡಮ್ಮ!"

"ಚೆಕ್ಕರ್ ಸತ್ತಿದ್ದಾನೆ. ಕಾಗದ ಸಾಯುವುದಿಲ್ಲ ಮಗಾ. ನೀನು ಯಾವ ಕಾರ್ಡಿನಿಂದ ಟೀಚರ್ ಆದದ್ದು, ಸ್ವಲ್ಪ ನೆನಪು ಮಾಡಿಕೊ."

ಬೀಡಿ ಕಾರ್ಮಿಕರ ಮಕ್ಕಳಿಗೆ ಸರಕಾರದ ಸ್ಕಾಲರ್‌ಶಿಪ್ ಇತ್ತು. ಹೈಸ್ಕೂಲಿನಿಂದ ಬಿ.ಎಡ್.ವರೆಗೆ ನಾನು ಓದಿದ್ದು ಅಮ್ಮನ ಆ ಕಾರ್ಡಿನ ಬಲದಿಂದ. ದೊಡ್ಡಮ್ಮನ ಮಾತು ನನಗೆ ಅರ್ಥವಾಗಲಿಲ್ಲ ಎಂದಲ್ಲ. ಅರ್ಥವಾದದ್ದಕ್ಕೇ ಸಿಟ್ಟು ಬಂತು. ಅವರು ಕೊಟ್ಟ ಬೆಲ್ಲ ನೀರು ಮುಟ್ಟದೆ ಎದ್ದು ಬಂದೆ. ಅದಕ್ಕೆ ಇವತ್ತಿಗೂ ನಾಚಿಕೆಯಿದೆ.

ಶುಕ್ರವಾರ ಸಂಜೆ, ಆಧಾರ ಬೇಕಲ್ಲವೇ, ತೆಗೆದುಕೊಳ್ಳಿ ಎಂಬ ಹಟದಲ್ಲಿ ಒಂದು ಮೂರ್ಖ ಕೆಲಸ ಮಾಡಿದೆ. ನರಿಕೊಂಬಿನ ಮನೆಗೆ ಬಂದವಳೇ ಅಮ್ಮನ ಹತ್ತಿರ ಕಾರ್ಡು ಕೇಳಿದೆ. "ನನ್ನ ಫೋಟೊ ಹಾಕ್ತೀಯಾ?" ಎಂದು ಖುಷಿಯಿಂದ ಟ್ರಂಕಿನ ತಳದಿಂದ ತೆಗೆದುಕೊಟ್ಟಳು. ಹೆಸರು, ನಂಬರು ಕಾಣದ ಹಾಗೆ ಕಾಗದದ ಚೂರು ಅಂಟಿಸಿ, ಫೋಟೊ ತೆಗೆದು ಪುಟಕ್ಕೆ ಏರಿಸಿದೆ. ಬೀಡಿ ಜಗಲಿಯ ಓದುಗಿತ್ತಿಯೊಬ್ಬಳ ಗುರುತಿನ ಚೀಟಿ, ಎಂದು ಕೆಳಗೆ ಬರೆದೆ.

ಶನಿವಾರ ಬೆಳಿಗ್ಗೆ, ಮೂರನೆಯ ಪೀರಿಯಡ್ ಮುಗಿಸಿ ಬಂದಾಗ ಚರ್ಚೆಯ ಪುಟದಲ್ಲಿ ಉತ್ತರವಿತ್ತು. ಕೆಂಪು ಪಟ್ಟಿ ಹಾಕಿದ ಸಂಪಾದಕರೇ ಬರೆದಿದ್ದರು. ಒರಟಾಗಿಯೇನೂ ಇರಲಿಲ್ಲ. 'ಈ ಚೀಟಿಯ ಪ್ರಕಾರ ಇವರು ಬೀಡಿ ಕಟ್ಟುವ ಕಾರ್ಮಿಕರು. ನಿಮ್ಮ ಲೇಖನದ ಪ್ರಕಾರ ಅವರು ಬೀಡಿ ಕಟ್ಟಲೇ ಇಲ್ಲ. ಎರಡರಲ್ಲಿ ಯಾವುದು ಸುಳ್ಳು, ದಯವಿಟ್ಟು ತಿಳಿಸಿ.'

ಸ್ಟಾಫ್ ರೂಮಿನಲ್ಲಿ ಯಾರೋ ಚಹಾ ಹಂಚುತ್ತಿದ್ದರು, ನನ್ನ ಲೋಟ ಮೇಜಿನ ಮೇಲೆ ತಣ್ಣಗಾಯಿತು. ಚೀಟಿಯ ಫೋಟೊವನ್ನು ಪುಟದಿಂದ ಅಳಿಸಲು ನೋಡಿದೆ, ಹಳೆಯ ಆವೃತ್ತಿಯಲ್ಲಿ ಅದು ಹಾಗೆಯೇ ಕಾಣುತ್ತಿತ್ತು. ನನ್ನ ಬಳಕೆದಾರ ಪುಟದಲ್ಲಿ ಶಾಲಾ ಶಿಕ್ಷಕಿ, ಮೂಡುಬಿದಿರೆ ಎಂದು ಧಿಮಾಕಿನಿಂದ ಬರೆದುಕೊಂಡಿದ್ದೆ. ಯಾರಾದರೂ ಒಂದಕ್ಕೊಂದು ಗಂಟು ಹಾಕಿದರೆ? ಸುಳ್ಳು ಕಾರ್ಡಿನ ಸ್ಕಾಲರ್‌ಶಿಪ್, ಅದರಿಂದ ಬಂದ ಡಿಗ್ರಿ, ಡಿಗ್ರಿಯಿಂದ ಬಂದ ನೌಕರಿ. ನಿವೃತ್ತಿಗೆ ಐದು ವರ್ಷವಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಸಂಪಾದಕರು ಕುಂಬಳಕಾಯಿಯ ಹೆಸರನ್ನೂ ಎತ್ತಿರಲಿಲ್ಲ, ನಾನು ಮಾತ್ರ ಹೆಗಲು ಒರೆಸಿಕೊಳ್ಳುತ್ತಿದ್ದೆ.

ಭಾನುವಾರ ಬೆಳಿಗ್ಗೆ ನರಿಕೊಂಬಿನ ಮನೆಯಲ್ಲಿ ಕೂತು ಉತ್ತರ ಬರೆದೆ. 'ಚೀಟಿ ಸರಿಯಾಗಿದೆ. ಅವರು ಬೀಡಿ ಕಟ್ಟುವ ಕಾರ್ಮಿಕರೇ. ಓದುತ್ತಿದ್ದರೆಂಬ ಮಾತಿಗೆ ಆಧಾರವಿಲ್ಲ. ಲೇಖನವನ್ನು ಅಳಿಸಲು ನನ್ನ ಒಪ್ಪಿಗೆಯಿದೆ.' ಅಮ್ಮನಿಗಾಗಿ ಹೀಗೆ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಬೆರಳು ಒತ್ತಿದ ಮೇಲೆ ನಿರಾಳವಾಯಿತು. ಎರಡು ತಾಸಿನಲ್ಲಿ ಪುಟ ಹೋಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ಕೇಳಿದಳು, "ಆ ಕಾರ್ಡಿನ ಫೋಟೊ ಬಂತಾ? ಒಂದು ಸಲ ಓದು ನೋಡುವ."

ಸುಳ್ಳು ಹೇಳಬಹುದಿತ್ತು. ಕಣ್ಣು ಕಾಣದವಳಿಗೆ ಏನನ್ನಾದರೂ ಓದಿಬಿಡಬಹುದಿತ್ತು. ಆದರೆ ಅದರಲ್ಲಿ ಅವಳನ್ನು ಮೀರಿಸುವ ಶಕ್ತಿ ನನಗಿರಲಿಲ್ಲ. ಸೋಮವಾರದಿಂದ ಆದದ್ದನ್ನೆಲ್ಲ ಹೇಳಿದೆ.

ಅವಳು ಅನ್ನ ಕಲಸುವುದನ್ನು ನಿಲ್ಲಿಸಿದಳು. "ನಾನು ಕಟ್ಟಿದ್ದೇನೆ ಅಂತ ಬರೆದೆಯಾ?"

"ಹೌದಮ್ಮ. ಕಾರ್ಡಿಗೆ ತೊಂದರೆ ಆಗಬಾರದಲ್ಲ."

"ಕಾರ್ಡಿಗೆ ಇನ್ನು ಎಂತ ತೊಂದರೆ ಉಂಟು, ಮಾರಾಯ್ತಿ? ಬ್ರಾಂಚೇ ಇಲ್ಲ ಈಗ."

ನಾನು ಅವಳ ಲೋಟಕ್ಕೆ ನೀರು ಹಾಕಿದೆ.

"ಹೆದರಿಕೆ ಆಯ್ತು ಅಂತ ಹೇಳು. ಹೆದರಿದ್ದಕ್ಕೆ ನಾನು ಬೈಯುದಿಲ್ಲ. ನಾನೂ ಹೆದರಿಯೇ ಬದುಕಿದವಳು." ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಆ ಎಂಟು ಮಂದಿ ಊರಿಗೆಲ್ಲ ಸುಳ್ಳು ಹೇಳಿದ್ರು, ನನ್ನ ಓದನ್ನು ಉಳಿಸ್ಲಿಕ್ಕೆ. ನೀನು ಇಲ್ಲ ಅಂತ ಬರೆದದ್ದು ಅದನ್ನೇ. ನನಗೆ ಸರಿಯಾಗಿ ಬರ್ತಾ ಇದ್ದದ್ದು ಅದೊಂದೇ ಕೆಲಸ, ಮಗಾ."

ಆಮೇಲೆ ಅವಳು ಊಟ ಮುಗಿಸಿದಳು. ತಟ್ಟೆಯನ್ನು ನಾನು ತೆಗೆಯಲು ಹೋದರೆ ಕೊಡಲಿಲ್ಲ. ಗೋಡೆ ಹಿಡಿದುಕೊಂಡು ತಾನೇ ಹಿತ್ತಲಿಗೆ ಹೋಗಿ ತೊಳೆದಿಟ್ಟಳು.