ಕೊನೆಯ ಅಧ್ಯಾಯ ಇರಲಿ ಎಂದೆ

"ನಿಂಗೇನವ್ವ, ಓದಾದೇ ಕೆಲ್ಸ. ಏಸೀಲಿ ಕುಂತ್ಕಂಡು ಕತೆ ಓದ್ತೀಯ, ಅದ್ಕೂ ಸಂಬ್ಳ ಕೊಡ್ತಾರೆ" ಎಂದು ನಮ್ಮ ಪಿ.ಜಿ.ಯ ಓನರ್ ಅಜ್ಜಿ ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯ ಹಿಂಭಾಗದಲ್ಲಿ, ಅವರು ಸೊಸೆಯಾಗಿ ಬಂದಾಗ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ, ಈಗ ನಾಲ್ಕು ಮಹಡಿ ಎದ್ದಿದೆ. ಮೂರನೆಯದರಲ್ಲಿ ನಾನಿದ್ದೇನೆ. ಅಜ್ಜಿಗೆ ಹೊಟ್ಟೆಕಿಚ್ಚಿಲ್ಲ, ನಿಜಕ್ಕೂ ನನ್ನ ಅದೃಷ್ಟ ಕಂಡು ಖುಷಿಪಡುತ್ತಾರೆ. ನಾನು ಹಲ್ಲು ಕಿರಿದು ಮೆಟ್ಟಿಲು ಹತ್ತುತ್ತೇನೆ. ಮೈಯೆಲ್ಲ ಉರಿಯುತ್ತಿರುತ್ತದೆ.

ಇಷ್ಟಪಟ್ಟದ್ದೇ ಕೆಲಸವಾಗಬೇಕು ಎಂದು ಹೇಳಿಕೊಡುವವರು ಈಗ ಎಲ್ಲೆಲ್ಲೂ ಇದ್ದಾರೆ. ಅವರನ್ನು ಹಿಡಿದು ನನ್ನ ಕುರ್ಚಿಯಲ್ಲಿ ಆರು ತಿಂಗಳು ಕೂರಿಸಬೇಕು ಅನ್ನಿಸುತ್ತದೆ. ಇರಲಿ, ಕೋಪ ಮಾಡಿಕೊಂಡು ಯಾರಿಗೆ ಏನಾಗಬೇಕು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಾನು ಬೆಳೆದದ್ದು ಟಿ. ದಾಸರಹಳ್ಳಿಯ ಒಂದು ವಠಾರದಲ್ಲಿ. ಅಪ್ಪ ಪೀಣ್ಯದಲ್ಲಿ ಲೇತ್ ಮೆಷಿನ್ ಮುಂದೆ ನಿಲ್ಲುತ್ತಿದ್ದರು, ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಅವರಿಬ್ಬರೂ ಬರುವ ತನಕ ನಾನು ಎಲ್ಲಿರಬೇಕು ಎಂಬುದು ನಮ್ಮ ಮನೆಯ ದೊಡ್ಡ ತಲೆನೋವು. ರೇಷನ್ ಅಂಗಡಿಯ ಮೇಲೆ ಒಂದೇ ಕೋಣೆಯ ಸಾರ್ವಜನಿಕ ಗ್ರಂಥಾಲಯವಿತ್ತು. ಅಮ್ಮ ಒಂದು ದಿನ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋಗಿ, "ಸಾರ್, ಇವಳು ಸುಮ್ನೆ ಕೂತಿರ್ತಾಳೆ, ತೊಂದ್ರೆ ಕೊಡಲ್ಲ" ಎಂದು ಒಪ್ಪಿಸಿ ಬಂದಳು. ಲೈಬ್ರರಿ ಸಾರ್ ಹಾವೇರಿ ಕಡೆಯವರು. ಕನ್ನಡಕದ ಮೇಲಿಂದ ನೋಡಿ, "ಸುಮ್ನ ಯಾಕ ಕೂಡ್ತಿ ಯವ್ವಾ, ಓದು" ಎಂದು ಒಂದು ಪುಸ್ತಕ ಕೈಗಿಟ್ಟರು.

ಅಷ್ಟೇ. ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಎರಡು ವರ್ಷದಲ್ಲಿ ಮಕ್ಕಳ ಕಪಾಟು ಖಾಲಿ ಮಾಡಿದೆ, ಆಮೇಲೆ ದೊಡ್ಡವರದ್ದಕ್ಕೆ ಕೈಹಾಕಿದೆ. ಕಾರ್ಡಿಗೆ ಎರಡೇ ಪುಸ್ತಕ ಎಂಬ ನಿಯಮವನ್ನು ಸಾರ್ ನನಗಾಗಿ ಮುರಿದರು. ಓದಿದ್ದನ್ನು ವಾಪಸು ಕೊಡುವಾಗ ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಏನನ್ನಿಸ್ತು?" ಚೆನ್ನಾಗಿತ್ತು ಎಂದರೆ ಬಿಡುತ್ತಿರಲಿಲ್ಲ. ಯಾರು ಸರಿ, ಯಾರು ತಪ್ಪು, ನೀನಾಗಿದ್ದರೆ ಏನು ಮಾಡುತ್ತಿದ್ದೆ, ಎಲ್ಲ ಹೇಳಬೇಕಿತ್ತು. ಹತ್ತು ವರ್ಷದ ಹುಡುಗಿಯ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವರು ಪ್ರಪಂಚದಲ್ಲಿ ಅವರೊಬ್ಬರೇ.

ಬಿ.ಎ. ಮುಗಿದಾಗ ಕೆಲಸದ ಜಾಹೀರಾತನ್ನು ಪೇಪರಿನಿಂದ ಕತ್ತರಿಸಿ ಇಟ್ಟಿದ್ದವರೂ ಸಾರೇ. ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಮೊಬೈಲಿನಲ್ಲಿ ಓದುವ ಹಾಗೆ ಮಾಡುವ ಕಂಪನಿ. ಸ್ಕ್ಯಾನ್ ಆದ ಪುಟವನ್ನು ಕಂಪ್ಯೂಟರ್ ತಾನೇ ಓದಿ ಟೈಪಾಗಿ ಬದಲಿಸುತ್ತದೆ, ಓದುವಾಗ ಎಡವುತ್ತದೆ. ಎಡವಿದ್ದನ್ನು ಹಿಡಿಯಲು ನಮ್ಮಂಥವರು. ನೇಮಕದ ಪತ್ರ ತೋರಿಸಿದ ದಿನ ಸಾರ್ ಕೆಳಗಿನ ಬೇಕರಿಯಿಂದ ಬೆಣ್ಣೆ ಬಿಸ್ಕತ್ತು ತರಿಸಿ, ಪೇಪರ್ ಓದಲು ಬಂದಿದ್ದ ಮುದುಕರಿಗೆಲ್ಲ ಹಂಚಿದರು. "ನಮ್ಮ ಲೈಬ್ರರಿ ಹುಡುಗಿ. ಪುಸ್ತಕದ ಕೆಲಸಕ್ಕ ಹೊಂಟಾಳ" ಎಂದು ಒಬ್ಬೊಬ್ಬರಿಗೂ ಹೇಳಿದರು.

ಮೊದಲ ವಾರ ನಾನು ಆಫೀಸಿನಲ್ಲಿ ಪುಸ್ತಕ ಓದಿದೆ. ನಿಜವಾಗಿಯೂ ಓದಿದೆ, ಒಂದು ಕಡೆ ಕಣ್ಣಲ್ಲಿ ನೀರೂ ಬಂತು. ವಾರದ ಕೊನೆಗೆ ನನ್ನ ಟೀಮಿನ ಹಿರಿಯ ಮೇಡಂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ನಾನು ಬಿಟ್ಟ ತಪ್ಪುಗಳ ಪಟ್ಟಿ ಅವರ ಕೈಯಲ್ಲಿತ್ತು. ಬೈಯಲಿಲ್ಲ. "ನೀನು ಕತೆ ಓದ್ತಿದೀಯ ಕಣಮ್ಮಾ. ಅರ್ಥ ಆಯ್ತು ಅಂದ್ರೆ ಕಣ್ಣು ಮೋಸ ಮಾಡುತ್ತೆ, ತಪ್ಪಿರೋದನ್ನೂ ಸರಿಯಾಗೇ ಓದ್ಕೊಂಡ್ಬಿಡುತ್ತೆ. ಕೊನೇ ಸಾಲಿಂದ ಮೇಲಕ್ಕೆ ಹೋಗು. ಒಂದು ಸಾಲು ನೋಡುವಾಗ ಮಿಕ್ಕಿದ್ದನ್ನ ಮುಚ್ಚಿಡು" ಎಂದರು. ಮುಚ್ಚಲು ಒಂದು ರಟ್ಟಿನ ಪಟ್ಟಿಯನ್ನೂ ಕೊಟ್ಟರು. ಅಲ್ಲಿ ಎಲ್ಲರೂ ಹಾಗೇ ಓದುತ್ತಿದ್ದರು: ಕೊನೆಯ ಪುಟದ ಕೊನೆಯ ಸಾಲಿನಿಂದ ಶುರುಮಾಡಿ ಮೊದಲ ಪುಟದ ಮೊದಲ ಸಾಲಿಗೆ. ಸತ್ತವರು ಮೊದಲು, ಮದುವೆ ಆಮೇಲೆ, ಹುಟ್ಟಿದ್ದು ಕಟ್ಟಕಡೆಗೆ. ಆದರೆ ಯಾರು ಸತ್ತರು, ಯಾರ ಮದುವೆ ಎಂಬುದು ತಲೆಗೆ ಹೋಗಬಾರದು. ಹೋಯಿತೆಂದರೆ ಕೆಲಸ ಕೆಟ್ಟಿತು.

ನಾನು ಕಲಿತೆ. ಚೆನ್ನಾಗಿಯೇ ಕಲಿತೆ, ಕಂಪನಿಯಲ್ಲಿ ಅತಿ ಕಡಿಮೆ ತಪ್ಪು ಬಿಡುವವಳು ಎಂಬ ಹೆಸರೂ ಬಂತು. ಮೂರನೇ ವರ್ಷವೋ ನಾಲ್ಕನೆಯದೋ ನೆನಪಿಲ್ಲ, ಒಂದು ಭಾನುವಾರ ಹೊಸ ಕಾದಂಬರಿಯೊಂದನ್ನು ಹಿಡಿದು ಕೂತೆ. ಅರ್ಧ ಗಂಟೆಯಾದ ಮೇಲೆ ನೋಡಿದರೆ ಎರಡು ಅಚ್ಚಿನ ತಪ್ಪು ಹಿಡಿದಿದ್ದೆ. ಕತೆ ಏನೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಸುಸ್ತಾಗಿರಬೇಕು ಅಂದುಕೊಂಡೆ. ಮುಂದಿನ ಭಾನುವಾರವೂ ಹಾಗೇ ಆಯಿತು, ಅದರ ಮುಂದಿನದೂ. ಪುಟ ತೆರೆದರೆ ಕಣ್ಣು ತಾನಾಗಿ ಕೆಳಗಿನ ಸಾಲಿಗೆ ಹೋಗಿ ಕೂರುತ್ತಿತ್ತು. ಬಲವಂತವಾಗಿ ಮೇಲಿನಿಂದ ಓದಿದರೆ ಪದಗಳು ಒಂದೊಂದಾಗಿ ಬಂದು ಹೋಗುತ್ತಿದ್ದವು, ಒಂದಕ್ಕೊಂದು ಸೇರುತ್ತಿರಲಿಲ್ಲ. ನನಗೆ ಅಳು ಬಂತು. ಯಾರಿಗೆ ಹೇಳುವುದು? ಪುಸ್ತಕದ ಕೆಲಸದವಳಿಗೆ ಪುಸ್ತಕ ಓದಲು ಬರುವುದಿಲ್ಲ ಎಂದರೆ ಜನ ನಗುತ್ತಾರೆ. ಹೇಳಬೇಕಾಗಿದ್ದದ್ದು ಸಾರ್‌ಗೆ. ಅವರಿಗಂತೂ ಹೇಳಲು ಬಾಯೇ ಬರಲಿಲ್ಲ.

ಅಷ್ಟರಲ್ಲಿ ಅವರಿಗೆ ರಿಟೈರ್ ಆಗಿತ್ತು. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಒಬ್ಬಳೇ ಮಗಳು ಮದುವೆಯಾಗಿ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿದ್ದರು. ಸಾರ್ ದಾಸರಹಳ್ಳಿಯ ಬಾಡಿಗೆ ಮನೆ ಬಿಡಲೊಪ್ಪದೆ ಅಲ್ಲೇ ಇದ್ದರು. ಮಗಳು ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದರು, ತಿಂಗಳಿಗೊಮ್ಮೆ ಬಂದು ಫ್ರಿಜ್ ತುಂಬಿಸಿ ಹೋಗುತ್ತಿದ್ದರು. ಹೋದ ವರ್ಷ ಅಪ್ಪ ಅಮ್ಮನನ್ನು ನೋಡಲು ಹೋದವಳು ಸಾರ್ ಮನೆಗೂ ಹೋದೆ. ಅವರು ಒಂದು ಕಟ್ಟು ಹಾಳೆ ತಂದು ನನ್ನ ಮಡಿಲಲ್ಲಿಟ್ಟರು. ತಮ್ಮ ಜೀವನದ ಕತೆ ಬರೆದು ಡಿ.ಟಿ.ಪಿ. ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು.

"ಮಿಕ್ಕಿದ್ದು ಹೆಂಗರ ಇರಲಿ" ಎಂದರು. "ಕೊನೇ ಅಧ್ಯಾಯ ಒಂದೈತಿ, ಮಗಳ ವಿಷಯ. ಇಪ್ಪತ್ತು ವರ್ಷದಿಂದ ಆಕಿಗೆ ಹೇಳಬೇಕು ಅಂತ ಒದ್ದಾಡಿ ಎದುರಿಗೆ ಹೇಳಾಕ ಆಗಲಿಲ್ಲ, ಬರದೀನಿ. ಅಚ್ಚಾದ ಮ್ಯಾಲ ಆಕಿ ನನ್ನ ಮಾರಿ ನೋಡ್ತಾಳೋ ಇಲ್ಲೋ ತಿಳೀವಲ್ದು. ನೀ ಓದು. ಇರಲಿ ಅಂದ್ರ ಇಡ್ತೀನಿ, ತೆಗೀರಿ ಅಂದ್ರ ತೆಗೀತೀನಿ. ನಿನ್ನ ಬಿಟ್ರ ಯಾರನ್ನ ಕೇಳಲಿ?"

ಆಗಲೇ ಹೇಳಬಹುದಿತ್ತು, ಸಾರ್, ನನಗೆ ಓದಲು ಆಗುತ್ತಿಲ್ಲ ಎಂದು. ಹೇಳಲಿಲ್ಲ. ಇವರ ಬರಹವನ್ನಾದರೂ ಓದಿಯೇನು ಎಂಬ ಆಸೆ ಇತ್ತು. ಮೆಟ್ರೋದಲ್ಲಿ ಕೂತು ಮೊದಲ ಪುಟ ತೆಗೆದೆ. ಎರಡನೇ ಸಾಲಿನಲ್ಲೇ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಚೀಲದಿಂದ ಕೆಂಪು ಪೆನ್ನು ತೆಗೆದೆ, ಅಲ್ಲಿಗೆ ಮುಗಿಯಿತು. ಆಮೇಲಿನ ಮೂರು ವಾರ ಆ ಕಟ್ಟನ್ನು ನನಗೆ ಗೊತ್ತಿರುವ ರೀತಿಯಲ್ಲೇ ನೋಡಿದೆ, ಕೊನೆಯ ಪುಟದಿಂದ. ಅಂದರೆ ಅವರು ಕೇಳಿದ ಅಧ್ಯಾಯವೇ ಮೊದಲು ಬಂತು. ಅದರಲ್ಲಿ 'ಲಕೋಟೆ' ಎಂಬ ಪದವನ್ನು ಡಿ.ಟಿ.ಪಿ.ಯವನು ಹನ್ನೊಂದು ಕಡೆ ತಪ್ಪಾಗಿ ಹೊಡೆದಿದ್ದ. ಹನ್ನೊಂದನ್ನೂ ಸರಿ ಮಾಡಿದೆ. ಆ ಲಕೋಟೆಯಲ್ಲಿ ಏನಿತ್ತು ಎಂದು ನೋಡಲಿಲ್ಲ.

ವಾಪಸು ಕೊಡುವ ದಿನ ಸಾರ್ ಶೇವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಪುಟ ಪುಟದಲ್ಲೂ ಕೆಂಪು ಗುರುತು ನೋಡಿ ಅವರ ಮುಖ ಅರಳಿತು. ಇಷ್ಟು ಶ್ರದ್ಧೆಯಿಂದ ಓದಿದ್ದಾಳೆ ಅಂದುಕೊಂಡರು. ಹಾಳೆಗಳನ್ನು ಪಕ್ಕಕ್ಕಿಟ್ಟು, ಕನ್ನಡಕ ತೆಗೆದು, "ಏನನ್ನಿಸ್ತು?" ಎಂದು ಕೇಳಿದರು.

ಇನ್ನೊಂದು ವಾರ ಕೊಡಿ ಎನ್ನಬಹುದಿತ್ತು. ಒಂದು ವಾರದಲ್ಲಿ ಆ ಎಂಟು ಹಾಳೆಯನ್ನು ಹೇಗಾದರೂ ಕಷ್ಟಪಟ್ಟು ಓದಬಹುದಿತ್ತು. ಮಾನ ಹೋಗುತ್ತದೆ ಎಂಬ ಹೆದರಿಕೆ, ಅಷ್ಟೇ, ಬೇರೆ ಕಾರಣವಿಲ್ಲ.

"ಇರಲಿ ಸಾರ್" ಎಂದೆ. "ಆ ಅಧ್ಯಾಯಾನೇ ಚೆನ್ನಾಗಿರೋದು."

ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಆಮೇಲೆ ಎದ್ದು ಹೋಗಿ ಟೀ ಇಟ್ಟರು.

ಪೀಣ್ಯದ ಒಂದು ಸಣ್ಣ ಪ್ರೆಸ್ಸಿನಲ್ಲಿ ಪುಸ್ತಕ ಅಚ್ಚಾಯಿತು. ಬಡಾವಣೆಯ ಸಮುದಾಯ ಭವನದಲ್ಲಿ ಬಿಡುಗಡೆ, ಉಪ್ಪಿಟ್ಟು, ಕೇಸರಿಬಾತು. ಹಾವೇರಿಯಿಂದ ನೆಂಟರು ಬಂದಿದ್ದರು. ಮಗಳು ಮುಂದಿನ ಸಾಲಿನಲ್ಲಿ ಕೂತು ಫೋಟೋ ತೆಗೆಯುತ್ತಿದ್ದರು, ಪುಸ್ತಕವನ್ನು ಅವರು ಇನ್ನೂ ತೆರೆದಿರಲಿಲ್ಲ. ನಾನು ತೆರೆದೆ. ಮೊದಲ ಪುಟದಲ್ಲಿ, ನಾನು ತಿದ್ದಿದ ಹಾಳೆಗಳಲ್ಲಿ ಇಲ್ಲದಿದ್ದ ಒಂದು ಸಾಲನ್ನು ಸಾರ್ ಸೇರಿಸಿದ್ದರು: ಕೊನೆಯ ಅಧ್ಯಾಯವನ್ನು ಓದಿ, ಇರಲಿ ಎಂದು ಧೈರ್ಯ ಹೇಳಿದ ನಮ್ಮ ಲೈಬ್ರರಿಯ ಹುಡುಗಿಗೆ. ಕೇಸರಿಬಾತಿನ ತಟ್ಟೆಯನ್ನು ಕುರ್ಚಿಯ ಕೆಳಗಿಟ್ಟೆ.

ಎರಡು ವಾರದ ಮೇಲೆ ಸಾರ್ ಫೋನ್ ಮಾಡಿದರು. ಮಗಳು ಫೋನ್ ಎತ್ತುತ್ತಿಲ್ಲ, ಬರುವ ದಿನ ಬರಲೂ ಇಲ್ಲ ಎಂದರು. ಆವತ್ತು ಆಫೀಸಿಗೆ ರಜೆ ಹಾಕಿ ಆ ಅಧ್ಯಾಯ ಓದಿದೆ. ಬಾಯಿಬಿಟ್ಟು, ಗಟ್ಟಿಯಾಗಿ, ಒಂದನೇ ತರಗತಿಯವಳ ಹಾಗೆ ಒಂದೊಂದೇ ಸಾಲು ಓದಿದೆ. ಎಂಟು ಪುಟಕ್ಕೆ ಮಧ್ಯಾಹ್ನವಾಯಿತು.

ಇದ್ದದ್ದು ಇಷ್ಟು. ಹೆಂಡತಿ ತೀರಿಕೊಂಡ ಆರು ತಿಂಗಳಿಗೆ ಮಗಳ ಹೆಸರಿಗೆ ಒಂದು ಲಕೋಟೆ ಬಂತು. ದೂರದ ಊರಿನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೀಟು ಸಿಕ್ಕಿದೆ, ಇಂಥ ತಾರೀಕಿನೊಳಗೆ ಬಂದು ಸೇರಿ ಎಂದು. ತಾವಿದ್ದ ವಠಾರಕ್ಕೆ ಬಂದ ಪತ್ರಗಳು ಕಳೆದುಹೋಗುತ್ತವೆ ಎಂದು ಮಗಳೇ ಲೈಬ್ರರಿಯ ವಿಳಾಸ ಕೊಟ್ಟಿದ್ದಳು. ಸಾರ್ ಅದನ್ನು ಒಡೆದು ಓದಿ, ಯಾರೂ ಮುಟ್ಟದ ಒಂದು ದಪ್ಪ ಪುಸ್ತಕದೊಳಗೆ ಇಟ್ಟು ಕಪಾಟಿಗೆ ಬೀಗ ಹಾಕಿದರು. ಒಂದು ತಿಂಗಳು ದಿನವೂ ಮಧ್ಯಾಹ್ನ ಅವಳು ಮೆಟ್ಟಿಲು ಹತ್ತಿ ಬಂದು, "ಅಪ್ಪಾಜಿ, ಏನಾದ್ರೂ ಬಂತಾ?" ಎಂದು ಕೇಳಿದಳು. ದಿನವೂ ಇವರು ಇಲ್ಲ ಎಂದರು. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. "ನಾನು ಅಷ್ಟೇನೂ ಜಾಣೆಯಲ್ಲ ಅಪ್ಪಾಜಿ" ಎಂದಳಂತೆ. ಹೆಂಡತಿಯಿಲ್ಲದ ಮನೆಯಲ್ಲಿ ಒಬ್ಬನೇ ಇರಲು ನನಗೆ ಹೆದರಿಕೆಯಾಯಿತು, ಬೇರೆ ಕಾರಣವಿಲ್ಲ ಎಂದು ಸಾರ್ ಬರೆದಿದ್ದರು.

ಲೆಕ್ಕ ಹಾಕಿದರೆ, ಆ ತಿಂಗಳು ನಾನೂ ಅದೇ ಕೋಣೆಯಲ್ಲಿ ಕೂತು ಓದುತ್ತಿದ್ದೆ.

ಮೊದಲೇ ಓದಿದ್ದರೆ ನಾನು ಏನು ಹೇಳುತ್ತಿದ್ದೆ ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ತೆಗೀರಿ ಸಾರ್, ಇದು ನೆಂಟರಿಷ್ಟರು ಓದುವುದಲ್ಲ, ವೈಟ್‌ಫೀಲ್ಡಿಗೆ ಹೋಗಿ ಮಗಳ ಕೈಹಿಡಿದು ಹೇಳಿ ಅನ್ನುತ್ತಿದ್ದೆ. ಇದನ್ನು ಹೇಳಲು ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ.

ಮುಂದಿನ ಶನಿವಾರ ವೈಟ್‌ಫೀಲ್ಡಿಗೆ ನಾನೇ ಹೋದೆ. ಹೋಗುವುದನ್ನು ಸಾರ್‌ಗೆ ಹೇಳಿದ್ದೆ, ಅವರು ಬೇಡ ಎನ್ನಲಿಲ್ಲ. ಮಗಳು ಬಾಗಿಲು ತೆಗೆದು, ಒಳಗೆ ಕೂರಿಸಿ, ನೀರು ಕೊಟ್ಟರು. ಮನೆಯಲ್ಲಿ ಇನ್ಯಾರೂ ಇರಲಿಲ್ಲ.

"ಸೀಟು ಹೋಯ್ತು ಅಂತ ಅಲ್ಲ" ಎಂದರು. "ಇಪ್ಪತ್ತು ವರ್ಷ ನಾನು ದಡ್ಡಿ ಅಂದ್ಕೊಂಡೇ ಬದುಕಿದೀನಿ. ಈಗ ನಮ್ಮ ಚಿಕ್ಕಮ್ಮಂದಿರೆಲ್ಲ ಫೋನ್ ಮಾಡಿ ಅಯ್ಯೋ ಪಾಪ ಅಂತಾರೆ. ಅವರೆಲ್ಲ ನನಗಿಂತ ಮುಂಚೆ ಓದಿದಾರೆ. ನೀವಂತೂ ಎಲ್ಲರಿಗಿಂತ ಮುಂಚೆ ಓದಿದ್ರಿ. ಮೊದಲು ಮಗಳಿಗೆ ಹೇಳಿ ಸಾರ್ ಅಂತ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

ನಾನು ಹೇಳಿಬಿಟ್ಟೆ. ಓದಿರಲಿಲ್ಲ ಎಂದೆ. ರಟ್ಟಿನ ಪಟ್ಟಿ, ಕೆಳಗಿನ ಸಾಲು, ಹನ್ನೊಂದು ಲಕೋಟೆ, ಎಲ್ಲ ಹೇಳಿದೆ. ಹೇಳುತ್ತ ಅತ್ತೆ. ಅವರು ಬೈಯುತ್ತಾರೆ, ಬೈದರೆ ಹಗುರಾಗುತ್ತದೆ ಎಂದು ಕಾದೆ. ಬೈಯಲಿಲ್ಲ. ಎದ್ದು ನನ್ನ ಖಾಲಿ ಲೋಟ ತೆಗೆದುಕೊಂಡರು.

"ಅಪ್ಪಾಜಿಗೆ ಇದನ್ನ ಹೇಳ್ಬೇಡಿ" ಎಂದರು ಕೊನೆಗೆ. "ನಾನು ಅವರ ಹತ್ರ ಯಾವಾಗ ಮಾತಾಡ್ತೀನೋ, ಮಾತಾಡ್ತೀನೋ ಇಲ್ಲವೋ, ನನಗೇ ಗೊತ್ತಿಲ್ಲ. ನೀವೊಬ್ರಾದ್ರೂ ಓದಿದೀರ ಅಂತ ಅವರು ಅಂದ್ಕೊಂಡಿರ್ಲಿ."

ಮಾರನೆಯ ದಿನ ದಾಸರಹಳ್ಳಿಗೆ ಹೋದೆ. ಸಾರ್ ಬಾಗಿಲಲ್ಲೇ ನಿಂತಿದ್ದರು.

"ಏನರ ಕೇಳಿದಳಾ?"

"ನಾನು ಆ ಅಧ್ಯಾಯ ಮೊದಲೇ ಓದಿದ್ನಾ ಅಂತ ಕೇಳಿದ್ರು ಸಾರ್."

"ನೀ ಏನಂದಿ?"

"ಓದಿದ್ದೆ ಅಂದೆ."

ಅವರು ಎರಡು ಸಲ ತಲೆಯಾಡಿಸಿದರು. "ಹೌದಲ್ಲ ಮತ್ತ" ಎಂದರು. "ನೀ ಓದಿ ಹೇಳಿದ್ದಿ ಅನ್ನೋದೊಂದ ನೋಡು ಯವ್ವಾ ನನಗ ಉಳದದ್ದು."